‘ಎಂತದೂ ಆಗುದಿಲ್ಲ’ ಅನ್ನುವುದನ್ನು ಬಿಟ್ಟ ಮೇಲೆ

2017ರ ಫೆಬ್ರವರಿ. ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾಗಿತ್ತು. 9 ತಿಂಗಳು ತುಂಬಿದ ಮಗುವಿನಿಂದ ಹಿಡಿದು 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದು ಇಂಜೆಕ್ಷನ್. ನಾನಾಗ ಮಲ್ಪೆ ಕಡೆ ಆರೋಗ್ಯ ಸಹಾಯಕಿ.

ಅಭಿಯಾನಕ್ಕಿಂತ ಮೊದಲೇ ವಾಟ್ಸಾಪ್ ಬಂದಿತ್ತು. ಈ ಇಂಜೆಕ್ಷನ್ ಕೊಟ್ಟರೆ ಮುಂದೆ ಮಕ್ಕಳಾಗುವುದಿಲ್ಲ ಅಂತ. ಅದಕ್ಕೆ ಉತ್ತರವಾಗಿ ನಮ್ಮ ಕೈಗೆ ಒಂದು ಕರಪತ್ರ ಕೊಟ್ಟಿದ್ದರು. ‘ಯಾವುದೇ ಅಡ್ಡ ಪರಿಣಾಮ ಇಲ್ಲ’ ಅಂತ ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ನಾನು ಮನೆ ಮನೆಗೆ ಹೋಗಿ ಅದನ್ನೇ ಓದಿ ಹೇಳಿದೆ. ಶಾಲೆಯಲ್ಲಿ ಲಸಿಕೆ ಇದ್ದ ದಿನ ತುಂಬ ಮಕ್ಕಳು ಬರಲೇ ಇಲ್ಲ.

ಬಂದರಿನ ಹತ್ತಿರದ ಮನೆಯಲ್ಲಿ ಒಬ್ಬ ತಾಯಿ ನೇರವಾಗಿ ಕೇಳಿದರು. “ಸಿಸ್ಟರ್, ಯಾವ ಇಂಜೆಕ್ಷನ್ ಕೊಟ್ರೂ ನನ್ನ ಮಗುವಿಗೆ ಜ್ವರ ಬಂದಿದೆ. ಇದಕ್ಕೆ ಮಾತ್ರ ಎಂತದೂ ಆಗುದಿಲ್ವಾ? ಮತ್ತೆ ನಿಮ್ಮನ್ನು ನಂಬುದು ಹೇಗೆ?”

ಅವರು ಹೇಳಿದ್ದು ಸರಿ. ಲಸಿಕೆ ಕೊಟ್ಟ ಒಂದು ವಾರದ ನಂತರ ಕೆಲವು ಮಕ್ಕಳಿಗೆ ಜ್ವರ, ಮೈಮೇಲೆ ಕೆಂಪು ಗುಳ್ಳೆ ಬರುವುದುಂಟು. ತರಬೇತಿಯಲ್ಲಿ ನಮಗೆ ಅದನ್ನು ಕಲಿಸಿದ್ದರು. ಜನರಿಗೆ ಹೆದರಿಕೆಯಾಗಬಾರದು ಅಂತ ಕರಪತ್ರದಲ್ಲಿ ಬಿಟ್ಟಿರಬೇಕು. ನನ್ನ ಪ್ರಕಾರ ವಾಟ್ಸಾಪ್‌ಗಿಂತ ಜಾಸ್ತಿ ಹಾನಿ ಮಾಡಿದ್ದು ಆ ಒಂದು ಸಾಲು.

ಮರುದಿನದಿಂದ ಕರಪತ್ರ ಚೀಲದಲ್ಲೇ ಉಳಿಯಿತು. ಹೋಗುವ ಹೊತ್ತನ್ನೂ ಬದಲಾಯಿಸಿದೆ. ಬೆಳಿಗ್ಗೆ ಹೋದರೆ ಹೆಂಗಸರು ಮೀನು ಮಾರಲು ಹೋಗಿರುತ್ತಾರೆ. ಸಂಜೆ ಹೋದರೆ ಕೂತು ಮಾತಾಡಬಹುದು. “ಅವರು ಬೋಟಿಂದ ಬರ್ಲಿ, ಕೇಳಿ ಹೇಳ್ತೇನೆ” ಅಂದವರ ಮನೆಗೆ ಬೋಟು ಬಂದ ಮೇಲೆ ಮತ್ತೆ ಹೋದೆ. ಸುಮ್ನೆ ಒತ್ತಾಯ ಮಾಡಲಿಲ್ಲ.

ಮೊದಲು ಜ್ವರದ ವಿಷಯವನ್ನೇ ಹೇಳುತ್ತಿದ್ದೆ. ಯಾವಾಗ ಬರಬಹುದು, ಎಷ್ಟು ದಿನ ಇರಬಹುದು, ಯಾವಾಗ ಆಸ್ಪತ್ರೆಗೆ ತರಬೇಕು ಅಂತ. ಅಪರೂಪಕ್ಕೆ ಜೋರು ಅಲರ್ಜಿ ಆಗಬಹುದು, ಅದಕ್ಕೇ ಅರ್ಧ ಗಂಟೆ ಕೂರಿಸಿಕೊಳ್ಳುವುದು ಅಂತಲೂ ಹೇಳಿದೆ. ನನ್ನ ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದು ಬರುತ್ತಿದ್ದೆ.

“ಮೊದಲೇ ಕೊಟ್ಟಾಗಿದೆಯಲ್ಲ, ಮತ್ತೆ ಯಾಕೆ?” ಅಂತ ಜಾಸ್ತಿ ಜನ ಕೇಳಿದರು. ಆಗ 9 ತಿಂಗಳಲ್ಲಿ ಕೊಡುತ್ತಿದ್ದ ದಡಾರ ಲಸಿಕೆ 100 ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ಹಿಡಿಯುತ್ತದೆ. ಉಳಿದವರು ಯಾರು ಅಂತ ನೋಡಿದರೆ ಗೊತ್ತಾಗುವುದಿಲ್ಲ, ಅದಕ್ಕೆ ಎಲ್ಲರಿಗೂ ಇನ್ನೊಮ್ಮೆ. ಇನ್ನು ರುಬೆಲ್ಲಾ ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು. ಮಕ್ಕಳಾಗುವುದಿಲ್ಲ ಅಂತ ಸುದ್ದಿ ಹಬ್ಬಿದ್ದು ಮುಂದೆ ಹುಟ್ಟುವ ಮಕ್ಕಳನ್ನು ಕಾಪಾಡುವ ಇಂಜೆಕ್ಷನ್ ಮೇಲೆ. ಇದನ್ನು ಹೇಳುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತಿತ್ತು.

ಅಂಗನವಾಡಿಯಲ್ಲಿ ಲಸಿಕೆ ಕೊಡುವ ದಿನ ಬಾಟಲಿಯನ್ನೇ ತೋರಿಸಿದೆ. ಮುಚ್ಚಳದ ಮೇಲೆ ಒಂದು ಉರುಟು ಗುರುತು, ಅದರೊಳಗೆ ಚೌಕ. ಸೆಕೆ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಸುತ್ತಲಿನ ಬಣ್ಣಕ್ಕಿಂತ ಅದು ತಿಳಿಯಾಗಿದ್ದರೆ ಮಾತ್ರ ಬಳಸಬಹುದು. ಪುಡಿಯಾಗಿರುವ ಲಸಿಕೆಯನ್ನು ಕರಗಿಸಿದ ಹೊತ್ತನ್ನು ಬಾಟಲಿ ಮೇಲೆ ಬರೆದೆ. 4 ಗಂಟೆ ದಾಟಿದರೆ ಉಳಿದದ್ದನ್ನು ಬಳಸುವ ಹಾಗಿಲ್ಲ. ಸಿರಿಂಜು ಒಮ್ಮೆ ಒತ್ತಿದರೆ ಲಾಕ್ ಆಗುತ್ತದೆ. ಅದನ್ನೂ ಒಬ್ಬ ಅಜ್ಜಿಯ ಕೈಗೆ ಸೂಜಿಯ ಮುಚ್ಚಳ ತೆಗೆಯದ ಹೊಸತೊಂದು ಕೊಟ್ಟು ತೋರಿಸಿದೆ. ಅವರು ಎರಡನೇ ಸಲ ಎಳೆದು ನೋಡಿದರು, ಬರಲಿಲ್ಲ. ಆಮೇಲೆ ಬಂದವರಿಗೆಲ್ಲ ಅವರೇ ತುಳುವಿನಲ್ಲಿ ವಿವರಿಸಿದರು.

ಎರಡು ಮನೆಯವರು ಕೊನೆಯವರೆಗೂ ಒಪ್ಪಲಿಲ್ಲ. ಮುಂದಿನ ತಿಂಗಳೂ ಅಲ್ಲಿಗೆ ಹೋದೆ, ಅಂಗಳದಲ್ಲೇ ಮಾತಾಡಿಸಿ ಬಂದೆ.

ಮೊದಲ ದಿನ ಪ್ರಶ್ನೆ ಕೇಳಿದ್ದ ಆ ತಾಯಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದರು. ಎಂಟನೇ ದಿನ ರಾತ್ರಿ ಅವರ ಫೋನ್ ಬಂತು. “ಸಿಸ್ಟರ್, ನೀವು ಹೇಳಿದ ಜ್ವರ ಸಣ್ಣವನಿಗೆ ಬಂತು. ಆಡ್ತಾ ಇದ್ದಾನೆ, ಗಂಜಿ ಉಂಡಿದ್ದಾನೆ. ಹೇಳಿ ಇಡುವ ಅಂತ ಮಾಡಿದೆ. ನೀವು ಮಲಗಿ.”