ಬ್ರಿಟನ್ನಿನಲ್ಲಿ ಸಮಾಜಶಾಸ್ತ್ರ ಪದವಿ: ಅರ್ಜಿ ಹಾಕುವುದು ಹೇಗೆ?

ಪಿಯುಸಿ ಮುಗಿಸಿ ಸಮಾಜಶಾಸ್ತ್ರ ಓದಲು ಬ್ರಿಟನ್ನಿಗೆ ಹೊರಟ ಮಕ್ಕಳ ಅರ್ಜಿಗಳನ್ನು ಆಗಾಗ ನೋಡಿಕೊಡುತ್ತೇನೆ. ಅಂಕ ಚೆನ್ನಾಗಿರುತ್ತದೆ, ಇಂಗ್ಲಿಷೂ ಪರವಾಗಿಲ್ಲ. ಎಡವುವುದು ಮಾತ್ರ ಹೆಚ್ಚುಕಡಿಮೆ ಎಲ್ಲರೂ ಮೂರನೇ ಹಂತದಲ್ಲಿ, ಅಂದರೆ ತಮ್ಮ ಬಗ್ಗೆ ಬರೆಯುವಲ್ಲಿ.

ಹಂತ 1: ಕೋರ್ಸ್ ಆರಿಸಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪದವಿ ಅರ್ಜಿಗಳನ್ನು ನೋಡಿಕೊಳ್ಳುವ ಸಂಸ್ಥೆ ಯುಕಾಸ್ (UCAS). ಅದರ ಜಾಲತಾಣದಲ್ಲಿ ಒಂದೇ ಅರ್ಜಿ, ಐದು ಕೋರ್ಸ್‌ವರೆಗೆ ಆಯ್ಕೆ. ಪದವಿ ಇಂಗ್ಲೆಂಡಿನಲ್ಲಿ 3 ವರ್ಷ, ಸ್ಕಾಟ್ಲೆಂಡಿನಲ್ಲಿ 4. ಒಂದು ವರ್ಷದ ಹೆಚ್ಚಿನ ಖರ್ಚು ತಡೆದುಕೊಳ್ಳುವಂತಿದ್ದರೆ ಸ್ಕಾಟ್ಲೆಂಡಿನ ಎಡಿನ್‌ಬರೊ, ಗ್ಲಾಸ್ಗೊ ಕಡೆಗೇ ಹೋಗಿ. ಮೊದಲ ಎರಡು ವರ್ಷ ಬೇರೆ ವಿಷಯಗಳನ್ನೂ ಓದಬಹುದು, ಹದಿನೆಂಟರ ವಯಸ್ಸಿಗೆ ಅದು ಬೇಕು. ಅಲ್ಲಿ ಮೊದಲ ಪದವಿಗೇ ಎಂ.ಎ. ಅನ್ನುತ್ತಾರೆ, ಗಾಬರಿ ಬೇಡ. ನಮ್ಮ ಪಿಯು ಅಂಕವನ್ನು ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಥರ ನೋಡುತ್ತದೆ. ಅನುಮಾನವಿದ್ದರೆ ಪ್ರವೇಶ ವಿಭಾಗಕ್ಕೇ ಇಮೇಲ್ ಮಾಡಿ. ಕನ್ಸಲ್ಟೆನ್ಸಿಗಳ ಮಾತೇ ಕೊನೆ ಅಂದುಕೊಳ್ಳಬೇಡಿ. ಸೀಟು ತುಂಬಿಸಿದ್ದಕ್ಕೆ ಎಷ್ಟೋ ಏಜೆಂಟರಿಗೆ ವಿಶ್ವವಿದ್ಯಾಲಯವೇ ಕಮಿಷನ್ ಕೊಡುತ್ತದೆ.

ಹಂತ 2: ಶಿಫಾರಸು ಪತ್ರ ಮತ್ತು ನಿರೀಕ್ಷಿತ ಅಂಕ (ಅಂತಿಮ ಪರೀಕ್ಷೆಯಲ್ಲಿ ನಿಮಗೆ ಬರಬಹುದೆಂದು ಕಾಲೇಜು ಅಂದಾಜಿಸುವ ಅಂಕ). ನಿಮ್ಮನ್ನು ಬಲ್ಲ ಉಪನ್ಯಾಸಕರನ್ನು ದಸರಾ ರಜೆಗೆ ಮೊದಲೇ ಕೇಳಿ.

ಹಂತ 3: ನಿಮ್ಮ ಬಗ್ಗೆ ಬರೆಯುವುದು. 2026ರ ಪ್ರವೇಶದಿಂದ ಉದ್ದನೆಯ ಒಂದು ಪ್ರಬಂಧದ ಬದಲು ಮೂರು ಪ್ರಶ್ನೆಗಳಿವೆ: ಈ ವಿಷಯ ಯಾಕೆ, ಓದು ನಿಮ್ಮನ್ನು ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಒಂದೊಂದಕ್ಕೂ ಕನಿಷ್ಠ 350 ಅಕ್ಷರ, ಒಟ್ಟು 4000 ದಾಟುವಂತಿಲ್ಲ. ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ.

‘ಚಿಕ್ಕಂದಿನಿಂದಲೂ ಸಮಾಜಸೇವೆಯ ಆಸೆ’ ಎಂದು ಬರೆದಿದ್ದರೆ ಅಳಿಸಿ. ಸಮಾಜಶಾಸ್ತ್ರ ಸೇವೆಯಲ್ಲ. ಜನ ಒಟ್ಟಿಗೆ ಬದುಕುವ ರೀತಿ ಹೀಗೇ ಯಾಕೆ ಇದೆ ಎಂದು ಕೇಳುವ ವಿದ್ಯೆ. ಆದ್ದರಿಂದ ನೀವೇ ಕಂಡ ಒಂದು ಸಂಗತಿ ಹಿಡಿಯಿರಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಕೆಲಸದವರಿಗೆ ಬೇರೆ ಲಿಫ್ಟ್ ಇದೆ ಅನ್ನಿ. ‘ಇದು ಅನ್ಯಾಯ’ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು. ಆ ನಿಯಮ ಮಾಡಿದ್ದು ಯಾರು? ಸೊಪ್ಪು ತರುವವರು, ಕೊರಿಯರ್ ಹುಡುಗರು, ನಾಯಿ ಹಿಡಿದುಕೊಂಡ ಮಾಲೀಕರು ಯಾವುದರಲ್ಲಿ ಹತ್ತುತ್ತಾರೆ? ಬೋರ್ಡಿನಲ್ಲಿ ಬರೆದ ಕಾರಣವೇನು, ವಾಚ್‌ಮನ್ ಹೇಳುವ ಕಾರಣವೇನು? ಎರಡೂ ಬೇರೆಯಾಗಿದ್ದರೆ ಅಲ್ಲಿಂದಲೇ ಶುರು ಮಾಡಿ.

ಆಮೇಲೆ ಅದನ್ನು ಓದಿಗೆ ಜೋಡಿಸಿ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನಲ್ಲಿ ಓದಿ, 1948ರಲ್ಲಿ ನಮ್ಮದೇ ಸೀಮೆಯ ಒಂದು ಹಳ್ಳಿಯಲ್ಲಿ ಉಳಿದರು. ರಾಂಪುರ ಅನ್ನುವುದು ಅದಕ್ಕೆ ಅವರಿಟ್ಟ ಹೆಸರು. ಜಮೀನು ಯಾರ ಕೈಯಲ್ಲಿದೆ, ಜಗಳವಾದರೆ ನ್ಯಾಯ ಹೇಳುವವರು ಯಾರು ಎಂದು ನೋಡಿದರು. ‘ಪ್ರಬಲ ಜಾತಿ’, ಅಂದರೆ ಜನಸಂಖ್ಯೆ, ಜಮೀನು, ಅಧಿಕಾರದ ಬಲದಿಂದ ಊರಿನಲ್ಲಿ ಮೇಲುಗೈ ಪಡೆದ ಜಾತಿ ಎಂಬ ಅವರ ವಿಚಾರ ಗಟ್ಟಿಯಾದದ್ದು ಇಂಥ ನೋಟದಿಂದ. ಅದು ನಿಮ್ಮ ಲಿಫ್ಟಿಗೆ ಎಷ್ಟು ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ? ಹೊಂದದ ಜಾಗದ ಬಗ್ಗೆ ಎರಡು ಸಾಲು ಜಾಸ್ತಿ ಬರೆಯಿರಿ. ಹತ್ತು ಪುಸ್ತಕಗಳ ಪಟ್ಟಿಗಿಂತ ಅದಕ್ಕೆ ತೂಕ ಜಾಸ್ತಿ.

ದುಡ್ಡು ಕೊಟ್ಟರೆ ಸಿಗುವ ರೆಡಿಮೇಡ್ ಬರಹ ಮುಟ್ಟಲೇಬೇಡಿ. ಹಳೆಯ ಅರ್ಜಿಗಳ ಜೊತೆ ಹೋಲಿಸಿ ನೋಡುವ ವ್ಯವಸ್ಥೆ ಯುಕಾಸ್‌ನಲ್ಲಿದೆ. ಸಿಕ್ಕಿಬಿದ್ದರೆ ನೀವು ಆರಿಸಿದ ವಿಶ್ವವಿದ್ಯಾಲಯಗಳಿಗೂ ಸುದ್ದಿ ಹೋಗುತ್ತದೆ.

ಹಂತ 4: ಗಡುವು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗೆ ಅಕ್ಟೋಬರ್ 15. ಉಳಿದವಕ್ಕೆ ಸಾಮಾನ್ಯವಾಗಿ ಜನವರಿ.

ಹಂತ 5: ವೀಸಾ ಹಣ. ಸೀಟು ಸಿಕ್ಕಿತೆಂದು ಇಲ್ಲಿ ಮೈಮರೆಯಬೇಡಿ. ಶುಲ್ಕಕ್ಕೂ ಅಲ್ಲಿನ ಜೀವನಕ್ಕೂ ಹಣವಿದೆ ಎಂದು ವೀಸಾಕ್ಕೆ ತೋರಿಸಬೇಕಾದ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು, ಒಂದು ದಿನವೂ ಕೆಳಗಿಳಿಯಬಾರದು. ಸೈಟು, ಬಂಗಾರ, ಷೇರು ಲೆಕ್ಕಕ್ಕಿಲ್ಲ. ಅಪ್ಪ ಅಮ್ಮನ ಖಾತೆಯಾದರೆ ನಿಮ್ಮ ಜನನ ಪ್ರಮಾಣಪತ್ರ, ಅವರ ಒಪ್ಪಿಗೆ ಪತ್ರ ಎರಡೂ ಬೇಕು. ಜನನ ಪತ್ರದಲ್ಲಿ ಹೆಸರಿನ ಸ್ಪೆಲಿಂಗ್ ಪಾಸ್‌ಪೋರ್ಟಿನಂತೆ ಇಲ್ಲದಿದ್ದರೆ ತಿದ್ದಿಸಲು ಈಗಲೇ ಅರ್ಜಿ ಕೊಡಿ.