ಫೋಮ್ ಆಮೇಲೆ, ಮೊದಲು ನಡುಕ ಹುಡುಕಿ: ಹಾಯಿದೋಣಿಯ ಜನರೇಟರ್ ಸದ್ದು ತಗ್ಗಿಸುವ ಬಗೆ

ಥಾಯ್ಲೆಂಡಿನ ಫುಕೆಟ್ ದ್ವೀಪದ ದಕ್ಷಿಣ ತುದಿಯಲ್ಲಿ ನೈ ಹಾರ್ನ್ ಅನ್ನುವ ಕೊಲ್ಲಿ ಇದೆ. ಈಶಾನ್ಯ ಮಾರುತದ ತಿಂಗಳುಗಳಲ್ಲಿ ದೂರ ಪ್ರಯಾಣದ ಹಾಯಿದೋಣಿಗಳು ಅಲ್ಲಿ ಸಾಲಾಗಿ ಲಂಗರು ಹಾಕುತ್ತವೆ. ಸಂಜೆ ಗಾಳಿ ನಿಂತ ಮೇಲೆ ಒಂದೇ ಒಂದು ಡೀಸೆಲ್ ಜನರೇಟರ್ ಶುರುವಾದರೂ ಸಾಕು, ಕೊಲ್ಲಿಗೆಲ್ಲ ಕೇಳಿಸುತ್ತದೆ. ನನ್ನ ಗೆಳೆಯನ 40 ಅಡಿಯ ಫೈಬರ್ ದೋಣಿಯದ್ದೂ ಇದೇ ಕಥೆಯಾಗಿತ್ತು. ಬ್ಯಾಟರಿ ಚಾರ್ಜ್ ಆಗಬೇಕು, ಉಪ್ಪುನೀರನ್ನು ಕುಡಿಯುವ ನೀರು ಮಾಡಬೇಕು. ಜನರೇಟರ್ ಬೇಡ ಅನ್ನೋ ಹಾಗಿಲ್ಲ.

ಸದ್ದು ಜಾಸ್ತಿ ಅಂದ ಕೂಡಲೇ ಎಲ್ಲರೂ ಫೋಮ್ ತಂದು ಅಂಟಿಸುತ್ತಾರೆ. ನಾವೂ ಅಂಟಿಸಿದೆವು. ಅಂಥ ವ್ಯತ್ಯಾಸವೇನೂ ಆಗಲಿಲ್ಲ. ಸದ್ದಿಗೆ ಮೂರು ದಾರಿಗಳಿವೆ: ಗಾಳಿ, ದೋಣಿಯ ಮೈ, ಹೊಗೆ ಕೊಳವೆ. ನಿಮ್ಮ ದೋಣಿಯಲ್ಲಿ ಯಾವ ದಾರಿ ಜೋರು ಅಂತ ಮೊದಲು ತಿಳಿಯಬೇಕು.

ಹಂತ 1: ಕೈಯಿಟ್ಟು ನೋಡಿ

ಜನರೇಟರ್ ಓಡಿಸಿ, ಅದಕ್ಕೆ ಮಾಮೂಲಿ ಲೋಡ್ ಕೊಡಿ. ಅಡುಗೆ ಕಟ್ಟೆಯ ಮೇಲೆ ಅರ್ಧ ಲೋಟ ನೀರಿಡಿ. ನಮ್ಮ ಸ್ಟೀಲ್ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಎದ್ದು ನಿಂತಿದ್ದವು. ಕಟ್ಟೆಯ ಹಿಂದಿನ ಪ್ಲೈವುಡ್ ಗೋಡೆಗೆ ಅಂಗೈ ಇಟ್ಟರೆ ಜುಂ ಅನ್ನುತ್ತಿತ್ತು. ಹೀಗಿದ್ದರೆ ಸದ್ದು ಮೈಯಿಂದ ಬರುತ್ತಿದೆ, ಫೋಮ್ ಅದನ್ನು ತಡೆಯಲಾರದು. ಫೋನಿನ ಡೆಸಿಬೆಲ್ ಆ್ಯಪ್‌ನಲ್ಲಿ ಒಂದೇ ಜಾಗದ ಅಳತೆಯನ್ನು ಬರೆದಿಟ್ಟುಕೊಳ್ಳಿ. 3 ಡೆಸಿಬೆಲ್ ಇಳಿದರೆ ಕಿವಿಗೆ ಅಷ್ಟಾಗಿ ಗೊತ್ತಾಗದು. 10 ಇಳಿದರೆ ಸದ್ದು ಅರ್ಧಕ್ಕಿಳಿದಂತೆ ಕೇಳುತ್ತದೆ.

ಹಂತ 2: ನಡುಕ ಕತ್ತರಿಸಿ

ಜನರೇಟರ್ ನಿಲ್ಲಿಸಿ, ಸ್ಟಾರ್ಟರ್ ಬ್ಯಾಟರಿಯ ಸ್ವಿಚ್ ಆಫ್ ಮಾಡಿಯೇ ಕೈ ಹಾಕಿ. ಯಂತ್ರ ಕೂತಿರುವ ರಬ್ಬರ್ ಮೌಂಟ್‌ಗಳನ್ನು ನೋಡಿ. ಡೀಸೆಲ್, ಆಯಿಲ್ ಬಿದ್ದ ರಬ್ಬರ್ ಮೆತ್ತಗಾಗಿ ಕುಸಿಯುತ್ತದೆ, ಹಳತಾದದ್ದು ಬಿರುಸಾಗುತ್ತದೆ. ಯಂತ್ರದ ತೂಕಕ್ಕೆ ಸರಿಹೊಂದುವ ಮೌಂಟ್ ಹಾಕಬೇಕು. ತೀರಾ ಗಟ್ಟಿಯಾದದ್ದು ನಡುಕವನ್ನು ಹಾಗೆಯೇ ದಾಟಿಸುತ್ತದೆ.

ಮೌಂಟ್ ಚೆನ್ನಾಗಿದ್ದರೂ ನಡುಕಕ್ಕೆ ಬೇರೆ ಸೇತುವೆಗಳಿರುತ್ತವೆ. ನಮ್ಮಲ್ಲಿ ಅದು ಯಂತ್ರ ತಣ್ಣಿಸುವ ನೀರಿನ ಹೋಸ್. ಯಂತ್ರದಿಂದ ಹೊರಟ ಗಟ್ಟಿ ಹೋಸನ್ನು ಗೇಣುದ್ದದಲ್ಲೇ ಪ್ಲೈವುಡ್ ಗೋಡೆಗೆ ಕ್ಲಿಪ್ ಹಾಕಿ ಬಿಗಿದಿದ್ದರು. ಗೋಡೆಯೇ ಚೆಂಡೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಕ್ಲಿಪ್ ಬಿಚ್ಚಿ, ಹೋಸ್‌ಗೆ ಒಂದು ಸಡಿಲ ಬಾಗು ಕೊಟ್ಟು, ದೂರದಲ್ಲಿ ರಬ್ಬರ್ ಸುತ್ತಿ ಕಟ್ಟಿದೆವು. ಲೋಟದ ಬಳೆಗಳು ಬಹುತೇಕ ಮಾಯವಾದವು. ಖರ್ಚು ಏನೂ ಇಲ್ಲ! ಡೀಸೆಲ್ ಪೈಪ್, ವೈರ್, ಎಕ್ಸಾಸ್ಟ್ ಹೋಸ್ ಎಲ್ಲಕ್ಕೂ ಇದೇ ಲೆಕ್ಕ.

ಹಂತ 3: ಪೆಟ್ಟಿಗೆಯ ತೂತು ಮುಚ್ಚಿ

ಈಗ ಜನರೇಟರ್ ಸುತ್ತಲಿನ ಪೆಟ್ಟಿಗೆಗೆ ಫೋಮ್ ಹಾಕುವ ಸರದಿ. ಬರೀ ಫೋಮ್ ಕೀರಲು ಸದ್ದನ್ನಷ್ಟೇ ಹೀರುತ್ತದೆ. ದಪ್ಪ ಸದ್ದು ನಿಲ್ಲಬೇಕಾದರೆ ಭಾರ ಬೇಕು. ಹಾಗಾಗಿ ಎರಡು ಫೋಮ್ ಪದರದ ನಡುವೆ ಭಾರದ ವಿನೈಲ್ ಹಾಳೆ ಇರುವ, ಬೆಂಕಿ ಹಿಡಿಯದ, ಆಯಿಲ್ ಹೀರದ ಹೊದಿಕೆಯದ್ದನ್ನೇ ಕೊಳ್ಳಿ. ಮೇಲ್ಭಾಗದಲ್ಲಿ ಅಂಟನ್ನೇ ನಂಬಬೇಡಿ, ಬಿಸಿಗೆ ಬಿಡುತ್ತದೆ. ಅಗಲ ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ.

ಒಂದು ಚದರ ಮೀಟರ್ ಗೋಡೆಯಲ್ಲಿ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಒಂದು ತೂತು ಬಿಟ್ಟರೂ, ಉಳಿದ ಗೋಡೆ ಎಷ್ಟೇ ಗಟ್ಟಿ ಇರಲಿ, 20 ಡೆಸಿಬೆಲ್‌ಗಿಂತ ಜಾಸ್ತಿ ತಡೆಯಲು ಆಗದು. ವೈರ್, ಹೋಸ್ ಹೊರಬರುವ ಜಾಗಕ್ಕೆ ರಬ್ಬರ್ ಬುಷ್, ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಹಾಕಿ. ಹಾಗಂತ ಗಾಳಿಯ ದಾರಿ ಮುಚ್ಚಲೇಬೇಡಿ, ಎಂಜಿನ್ ಉಸಿರಾಡಬೇಕಲ್ವಾ? ಒಳಗೆ ಫೋಮ್ ಹಾಸಿದ, ಎರಡು ತಿರುವು ಇರುವ ಮರದ ಕೊಳವೆ ಮಾಡಿ. ಗಾಳಿ ತಿರುಗಿಕೊಂಡು ಒಳಗೆ ಹೋಗುತ್ತದೆ, ಸದ್ದು ತಿರುವಿನಲ್ಲಿ ಸೊರಗುತ್ತದೆ.

ಹಂತ 4: ನೆರೆಯವರಿಗೆ ಕೇಳುವ ಸದ್ದು

ದೋಣಿಯ ಜನರೇಟರ್ ಹೊಗೆಯ ಜೊತೆ ತಣ್ಣಿಸುವ ನೀರನ್ನೂ ಉಗುಳುತ್ತದೆ. ಪಕ್ಕದ ದೋಣಿಯವರನ್ನು ಕಾಡುವುದು ಆ ಚಳಕ್ ಚಳಕ್ ಸದ್ದು. ಇದಕ್ಕೆ ಗ್ಯಾಸ್-ವಾಟರ್ ಸೆಪರೇಟರ್ ಅನ್ನುವ ಡಬ್ಬಿ ಬರುತ್ತದೆ. ಸೈಲೆನ್ಸರ್ ದಾಟಿದ ಮೇಲೆ, ನೀರಿನ ಮಟ್ಟಕ್ಕಿಂತ ಮೇಲೆ ಇದನ್ನು ಕೂರಿಸುತ್ತಾರೆ. ನೀರು ತನ್ನ ಭಾರಕ್ಕೇ ಇಳಿದು ಸಮುದ್ರ ಮಟ್ಟದ ಕೆಳಗಿನ ವಾಲ್ವ್‌ನಿಂದ ಹೊರಹೋಗುತ್ತದೆ. ಹೊಗೆ ಮಾತ್ರ ಮೇಲಿನ ರಂಧ್ರದಿಂದ ಮೆಲ್ಲಗೆ ಹೊರಬೀಳುತ್ತದೆ. ನೀರಿನ ಹೋಸ್ ಎಲ್ಲೂ ಜೋತುಬೀಳದೆ ಇಳಿಜಾರಾಗಿರಬೇಕು. ಹೋಸ್ ಅಳತೆ ತಯಾರಕರು ಹೇಳಿದ್ದಕ್ಕಿಂತ ಕಿರಿದಾಗಬಾರದು. ಕಿರಿದಾದರೆ ಹೊಗೆ ಹಿಂದಕ್ಕೆ ಒತ್ತುತ್ತದೆ. ನನ್ನ ಮಟ್ಟಿಗೆ ಹಣ ಹಾಕಿದ್ದು ಸಾರ್ಥಕ ಅನಿಸಿದ್ದು ಇದಕ್ಕೇ.

ಒಂದು ಎಚ್ಚರಿಕೆ. ಜನರೇಟರ್ ಶುರುವಾಗದೆ ಪದೇ ಪದೇ ಸ್ಟಾರ್ಟರ್ ತಿರುಗಿಸಿದರೆ ಸೈಲೆನ್ಸರ್‌ನಲ್ಲಿ ನೀರು ತುಂಬಿ ಸಿಲಿಂಡರ್‌ಗೆ ನುಗ್ಗಬಹುದು. ಸಮುದ್ರದ ನೀರು ಒಳಬರುವ ವಾಲ್ವ್ ಮುಚ್ಚಿ ಪ್ರಯತ್ನಿಸಿ, ಶುರುವಾದ ಕೂಡಲೇ ತೆರೆಯಿರಿ.

ಹಂತ 5: ಓಡಿಸುವ ಹೊತ್ತು ಕಡಿಮೆ ಮಾಡಿ

ಚಾರ್ಜರ್, ನೀರು ಮಾಡುವ ಯಂತ್ರ, ಗೀಸರ್ ಎಲ್ಲವನ್ನೂ ಜನರೇಟರಿನ ಶಕ್ತಿಗೆ ತಕ್ಕಂತೆ ಒಂದೇ ಹೊತ್ತಿಗೆ ಓಡಿಸಿ. ಸುಮ್ನೆ ಸಣ್ಣ ಲೋಡಿನಲ್ಲಿ ಗಂಟೆಗಟ್ಟಲೆ ಓಡಿದರೆ ಡೀಸೆಲ್ ಎಂಜಿನ್‌ಗೆ ಮಸಿ ಕಟ್ಟುತ್ತದೆ. ಹೊಸದು ಕೊಳ್ಳುವವರು ನಿಮಿಷಕ್ಕೆ 3000 ಸುತ್ತಿನದ್ದರ ಬದಲು 1500 ಸುತ್ತಿನ ಜನರೇಟರ್ ಕೇಳಿ. ಎರಡೂ 50 ಹರ್ಟ್ಸ್ ಕರೆಂಟನ್ನೇ ಕೊಡುತ್ತವೆ. ಎರಡನೆಯದು ಭಾರ, ಜಾಗ ಜಾಸ್ತಿ ಬೇಕು, ಆದರೆ ಅದರ ಸದ್ದು ಕಿವಿಗೆ ಚುಚ್ಚುವುದಿಲ್ಲ.

ಕೆಲಸ ಮುಗಿದ ಮೇಲೆ ಎಕ್ಸಾಸ್ಟ್‌ನ ಪ್ರತಿಯೊಂದು ಜೋಡಣೆಯನ್ನೂ ಟಾರ್ಚ್ ಹಿಡಿದು ನೋಡಿ. ಮಲಗುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಆಮೇಲೆ ಒಳಗೆ ಒಬ್ಬರನ್ನು ಬಿಟ್ಟು, ಸಣ್ಣ ದೋಣಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಎಕ್ಸಾಸ್ಟ್ ಇರುವ ಬದಿಯಲ್ಲಿ ಹುಟ್ಟು ನಿಲ್ಲಿಸಿ ಕಿವಿಗೊಡಿ.