ಒಂದು ಫೋನು, ಒಂದು ಬೀರು: ಪಾಠಕ್ಕೂ ಲೈಬ್ರರಿಗೂ ತಂತ್ರಜ್ಞಾನ ಬಳಸುವುದು ಹೀಗೆ

ಮೊದಲು ಪಾಠ ಆರಿಸಿಕೊಳ್ಳಿ, ಆ್ಯಪ್ ಆಮೇಲೆ. ಬಹಳ ಕಡೆ ಇದು ತಲೆಕೆಳಗಾಗುತ್ತದೆ. ಶಾಲೆಗೆ ಸ್ಮಾರ್ಟ್ ಟಿವಿ ಬಂದಿದೆ, ಏನಾದರೂ ತೋರಿಸಬೇಕಲ್ಲ ಅಂತ ಯಾವುದೋ ವಿಡಿಯೊ ಹಾಕುತ್ತೇವೆ, ಮಕ್ಕಳು ಖುಷಿಯಾಗಿ ನೋಡುತ್ತಾರೆ, ಬೆಲ್ ಹೊಡೆಯುತ್ತದೆ, ಮಾರನೇ ದಿನ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಈ ವಾರದ ಪಾಠಗಳಲ್ಲಿ, ಬೋರ್ಡಿನ ಮೇಲೆ ಎಷ್ಟು ಬರೆದರೂ ಮಕ್ಕಳ ತಲೆಗೆ ಹೋಗದ ಒಂದೇ ಒಂದು ವಿಷಯ ಗುರುತು ಹಾಕಿಕೊಳ್ಳಿ. ನನಗೆ ಅದು ವಿದ್ಯುತ್ ಮಂಡಲ.

ಮುಂದಿನ ಕೆಲಸ ಹಿಂದಿನ ರಾತ್ರಿ ಮನೆಯಲ್ಲೇ ಆಗಬೇಕು. ಬೇಕಾದ್ದನ್ನೆಲ್ಲ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಶಾಲೆಯ ನೆಟ್ ನಂಬಿ ಹೋಗಬೇಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 2017ರಲ್ಲಿ ಶುರುವಾದ ಸರ್ಕಾರಿ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಆ ಪಾಠದ ಸಾಮಗ್ರಿ ತೆರೆಯುತ್ತದೆ. ಪುಟ ಮಾಸಿ ಕ್ಯಾಮೆರಾಗೆ ಸಿಗದಿದ್ದರೆ ಕೋಡ್ ಕೆಳಗಿನ 6 ಅಕ್ಷರ ಟೈಪ್ ಮಾಡಿದರೂ ಸಾಕು. ವಿಜ್ಞಾನ, ಗಣಿತಕ್ಕೆ ಇನ್ನೊಂದಿದೆ: ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಫೆಟ್ ಸಿಮ್ಯುಲೇಷನ್‌ಗಳು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೈಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಕನ್ನಡದಲ್ಲೂ ಹಲವು ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯುತ್ತವೆ.

ತರಗತಿಗೆ ಹೋದ ಕೂಡಲೇ ಪರದೆ ಹಚ್ಚಬೇಡಿ. ಬಲ್ಬ್, ಸೆಲ್, ತಂತಿ ಇವಿಷ್ಟನ್ನು ಹೇಗೆ ಜೋಡಿಸಿದರೆ ಬೆಳಕು ಬರುತ್ತದೆ ಅಂತ ಮೊದಲು ನೋಟ್‌ಬುಕ್‌ನಲ್ಲಿ ಚಿತ್ರ ಬರೆಸಿ. ಎಷ್ಟೋ ಮಕ್ಕಳು ಒಂದೇ ತಂತಿ ಬರೆಯುತ್ತಾರೆ, ನಲ್ಲಿಗೆ ಪೈಪ್ ಸಿಕ್ಕಿಸಿದ ಹಾಗೆ. ಈಗ ಸಿಮ್ಯುಲೇಷನ್ ತೆರೆದು ಅವರು ಬರೆದಂತೆಯೇ ಜೋಡಿಸಿ. ಬಲ್ಬ್ ಹತ್ತುವುದಿಲ್ಲ. ಎರಡನೇ ತಂತಿ ಎಳೆದು ಸುತ್ತು ಪೂರ್ತಿ ಮಾಡಿ. ತಂತಿಯೊಳಗಿನ ನೀಲಿ ಚುಕ್ಕಿಗಳೆಲ್ಲ ಒಟ್ಟಿಗೇ ಹೊರಡುತ್ತವೆ. ತಂತಿಯನ್ನು ಒಂದು ಕಡೆ ಬಿಡಿಸಿದರೆ ಎಲ್ಲವೂ ಒಮ್ಮೆಗೇ ನಿಲ್ಲುತ್ತವೆ. ಈ 'ಒಮ್ಮೆಗೇ' ಅನ್ನುವುದನ್ನು ಸೀಮೆಸುಣ್ಣದಲ್ಲಿ ತೋರಿಸಲು ನನಗಂತೂ ಆಗಿರಲಿಲ್ಲ. 10 ನಿಮಿಷ ಸಾಕು. ಆಮೇಲೆ ಪರದೆ ಆರಿಸಿ, ನಿಜವಾದ ಟಾರ್ಚ್ ಬಲ್ಬು, ಸೆಲ್ಲು, ತಂತಿ ಮಕ್ಕಳ ಕೈಗೆ ಕೊಡಿ. ಮನೆಯ ಪ್ಲಗ್ ಹತ್ತಿರ ಇದನ್ನು ಮಾಡಲೇಬಾರದು ಅಂತ ಒತ್ತಿ ಹೇಳಿ.

ಇನ್ನು ಲೈಬ್ರರಿ. ನಮ್ಮ ಎಷ್ಟೋ ಶಾಲೆಗಳಲ್ಲಿ ಲೈಬ್ರರಿ ಅಂದರೆ ಒಂದು ಬೀರು ಮತ್ತು ಒಂದು ರಿಜಿಸ್ಟರ್, ಅಲ್ವಾ? ಆ ರಿಜಿಸ್ಟರ್ ಹಾಗೇ ಇರಲಿ. ಅದರ ಜೊತೆಗೆ ಫೋನಿನಲ್ಲಿ ಒಂದು ಗೂಗಲ್ ಶೀಟ್ ತೆರೆಯಿರಿ. ಪುಸ್ತಕದ ನಂಬರ್, ಹೆಸರು, ಬರೆದವರು, ಈಗ ಯಾರ ಹತ್ತಿರ ಇದೆ, ಕೊಟ್ಟ ದಿನ. ಇಷ್ಟು ಎಲ್ಲರೂ ಬರೆಯುತ್ತಾರೆ. ಇನ್ನೊಂದು ಕಾಲಂ ಮರೆಯದೆ ಸೇರಿಸಿ: 'ಯಾವ ತರಗತಿಯ ಯಾವ ಪಾಠಕ್ಕೆ ಹೊಂದುತ್ತದೆ'. ಇದೇ ಕಾಲಂ ಬೀರುವನ್ನು ತರಗತಿಗೆ ಜೋಡಿಸುವುದು. ನಾಳೆ ವಿದ್ಯುತ್ ಪಾಠ ಇದೆ ಅಂದರೆ ಫಿಲ್ಟರ್ ಹಾಕಿ, ಸಿಕ್ಕ 3–4 ಪುಸ್ತಕ ತೆಗೆದು ಮೇಜಿನ ಮೇಲಿಟ್ಟು ಪಾಠ ಶುರು ಮಾಡಬಹುದು. ಕನ್ನಡ ಟೈಪಿಂಗ್ ಕಷ್ಟ ಅನ್ನಿಸಿದರೆ ಕೀಬೋರ್ಡಿನ ಮೈಕ್ ಒತ್ತಿ ಹೇಳಿ, ತಪ್ಪು ಬಂದದ್ದು ಮಾತ್ರ ತಿದ್ದಿ. 7ನೇ ತರಗತಿ ಮಕ್ಕಳ ಜೊತೆ ಕೂತು ಮಾಡಿದರೆ ಬೇಗ ಮುಗಿಯುತ್ತದೆ, ಆ ನೆಪದಲ್ಲಿ ಅವರೂ ಪುಸ್ತಕ ತಿರುವಿ ನೋಡುತ್ತಾರೆ. ಕೋಹಾದಂಥ ಉಚಿತ ಲೈಬ್ರರಿ ಸಾಫ್ಟ್‌ವೇರ್ ಸಾವಿರಾರು ಪುಸ್ತಕ ಇರುವ ಕಡೆಗೆ ಒಳ್ಳೆಯದು, 200 ಪುಸ್ತಕಕ್ಕೆ ಶೀಟೇ ಸಾಕು.

ಪುಸ್ತಕ ಕಮ್ಮಿ ಇದ್ದರೆ ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. ಕನ್ನಡದ ಕಥೆಗಳು ಓದಿನ ಮಟ್ಟದ ಪ್ರಕಾರ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಳ್ಳಬಹುದು, ಪ್ರಿಂಟ್ ತೆಗೆಯಬಹುದು, ಟಿವಿಗೆ ಹಾಕಿ ಇಡೀ ತರಗತಿ ಒಟ್ಟಿಗೆ ಓದಬಹುದು. ಊರಿನ ಗ್ರಾಮ ಪಂಚಾಯಿತಿ ಲೈಬ್ರರಿಯನ್ನೂ ಮರೆಯಬೇಡಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ.

ಓದಲು ತಡವರಿಸುವ ಮಗುವಿಗೆ ಫೋನಿನ ರೆಕಾರ್ಡರ್ ತುಂಬಾ ಸಹಾಯ ಮಾಡುತ್ತದೆ. ಒಂದು ಪುಟ ಓದಿಸಿ ರೆಕಾರ್ಡ್ ಮಾಡಿ, ಆ ಮಗುವಿಗೆ ಮಾತ್ರ ಕೇಳಿಸಿ, ಮತ್ತೆ ಓದಿಸಿ. ಎಲ್ಲಿ ಎಡವಿದೆ ಅಂತ ಮಗುವೇ ಹೇಳುತ್ತದೆ. ಆದರೆ ಆ ಧ್ವನಿ, ಫೋಟೊ ಯಾವ ವಾಟ್ಸ್‌ಆ್ಯಪ್ ಗ್ರೂಪಿಗೂ ಹೋಗಬಾರದು. ಕೆಲಸ ಮುಗಿದ ಮೇಲೆ ಅಳಿಸಿಬಿಡಿ.

ತಿಂಗಳಿಗೊಮ್ಮೆ ಶೀಟ್ ತೆರೆದು, ಯಾರೂ ಒಮ್ಮೆಯೂ ಒಯ್ಯದ ಪುಸ್ತಕಗಳನ್ನು ಹುಡುಕಿ. ಶನಿವಾರ ಬೆಳಗಿನ ಶಾಲೆಯ ದಿನ ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ, ಮುಖಪುಟ ಕಾಣುವ ಹಾಗೆ ಅವುಗಳನ್ನು ಮಕ್ಕಳ ಕೈಗೆಟುಕುವ ಎತ್ತರದಲ್ಲಿ ತೂಗುಹಾಕಿ. ಸೋಮವಾರ ಹಗ್ಗದ ಮೇಲೆ ಎಷ್ಟು ಉಳಿದಿವೆ ಎಣಿಸಿ.